ಉತ್ತರಕ್ಕೊಂದು ಪ್ರಶ್ನೆ, ಆಟಕ್ಕೊಂದು ಅಣಕ

ಅಣಕಕ್ಕೆ ಎಲ್ಲ ವಸ್ತುವೂ ಒದಗುವುದಿಲ್ಲ. ಹುಟ್ಟಿನಿಂದ ತೊದಲುವವನನ್ನು ಅಣಕಿಸಿದರೆ ಅದು ಕ್ರೌರ್ಯವಾಗುತ್ತದೆ; ಕೋಡಂಗಿಯನ್ನು ಅಣಕಿಸಿದರೆ ಚರ್ವಿತಚರ್ವಣವಾಗುತ್ತದೆ. ಅಣಕಕ್ಕೆ ಮೊದಲು ಬೇಕಾದದ್ದು ಗಾಂಭೀರ್ಯ. ಪೇಟ ನೆಟ್ಟಗಿರಬೇಕು, ಶಲ್ಯದ ಮಡಿಕೆ ಮುರಿದಿರಬಾರದು, ಹೆಜ್ಜೆ ಅಳತೆ ತಪ್ಪಿರಬಾರದು. ಆಗ ಹಿಂದೆ ಬರುವ ತುಂಟ ಹುಡುಗನಿಗೆ ಆ ನಡಗೆಯನ್ನು ತಾನೂ ನಡೆದು ತೋರಿಸುವ ಹುಮ್ಮಸ್ಸು ತಾನಾಗಿಯೇ ಬರುತ್ತದೆ. ಶಾಲೆಯ ಮಕ್ಕಳು ಬಿಡುವಿನ ವೇಳೆಯಲ್ಲಿ ಅಣಕಿಸುವುದು ತರಗತಿಯಲ್ಲಿ ತೂಕಡಿಸುವ ಮೇಷ್ಟರನ್ನಲ್ಲ. ಗಂಟೆ ಹೊಡೆಯುವುದಕ್ಕೆ ಮುಂಚೆಯೇ ಬಂದು, ಸೀಮೆಸುಣ್ಣವನ್ನು ಎರಡೇ ಬೆರಳಿನಲ್ಲಿ ಹಿಡಿದು, ವಾಕ್ಯ ಮುಗಿದೊಡನೆ ಕನ್ನಡಕ ತೆಗೆದು ಒರೆಸುವ ಮೇಷ್ಟರನ್ನು. ಆ ಅಣಕದಲ್ಲಿ ಒಂದಿಷ್ಟು ಭಯವೂ ಅದಕ್ಕಿಂತ ಹೆಚ್ಚಾಗಿ ಗೌರವವೂ ಬೆರೆತಿರುತ್ತದೆ ಎಂಬುದನ್ನು ಮಕ್ಕಳು ಅರಿಯರು, ಮೇಷ್ಟರು ಬಲ್ಲರು.

ವ್ಯಕ್ತಿಗಳ ವಿಷಯದಲ್ಲಿ ಸಲ್ಲುವ ಈ ಮಾತು ಆಟಗಳ ವಿಷಯದಲ್ಲಿಯೂ ಸಲ್ಲುತ್ತದೆ. ಅಮೆರಿಕದ ಟೆಲಿವಿಷನ್ನಿನಲ್ಲಿ 'ಜೆಪರ್ಡಿ' ಎಂಬ ರಸಪ್ರಶ್ನೆ ಪಂದ್ಯವೊಂದು ಅರುವತ್ತು ವರ್ಷಗಳಿಗೂ ಹಿಂದೆ ಹುಟ್ಟಿ, ನಡುವೆ ನಿಂತು, ಮತ್ತೆ ಚಿಗುರಿ, ಇಂದಿಗೂ ನಡೆಯುತ್ತಿದೆ. ಜೆಪರ್ಡಿ ಎಂದರೆ ಗಂಡಾಂತರ. ಆ ದೇಶದ ಪಂದ್ಯಗಳಲ್ಲಿ ಇದರಷ್ಟು ಮುಖ ಬಿಗಿದುಕೊಂಡು ನಡೆಯುವ ಪಂದ್ಯ ಇನ್ನೊಂದು ಸಿಗುವುದು ಕಷ್ಟ. ಇದರಷ್ಟು ಅಣಕಕ್ಕೆ ಸಿಕ್ಕಿರುವ ಪಂದ್ಯ ಸಿಗುವುದೂ ಕಷ್ಟ. ಹಾಡಿನವರು ಇದನ್ನು ಅಣಕಿಸಿದರು, ನಾಟಕದವರು ಅಣಕಿಸಿದರು, ವ್ಯಂಗ್ಯಚಿತ್ರದವರೂ ಅಣಕಿಸಿದರು. ಹಾಗೆ ಅಣಕಿಸುತ್ತ ಅಣಕಿಸುತ್ತ ಅವರು ಆ ಪಂದ್ಯ ತನ್ನನ್ನು ತಾನು ಎಂದೂ ಕೇಳಿಕೊಳ್ಳದಿದ್ದ ಒಂದು ಪ್ರಶ್ನೆಯನ್ನು ಕೇಳಿಬಿಟ್ಟರು: ತಿಳಿದವನು ಎಂದರೆ ಯಾರು?

ಪಂದ್ಯದ ಹುಟ್ಟಿನಲ್ಲಿಯೇ ಈ ಪ್ರಶ್ನೆಯ ನೆರಳಿತ್ತು. 1950ರ ದಶಕದಲ್ಲಿ ಅಮೆರಿಕದ ಮನೆಮನೆಗಳಲ್ಲಿ ರಸಪ್ರಶ್ನೆಯ ಹುಚ್ಚು ಹಬ್ಬಿತ್ತು. ಗಾಜಿನ ಗೂಡಿನೊಳಗೆ ನಿಂತು, ಹುಬ್ಬು ಗಂಟಿಕ್ಕಿ, ಬೆವರೊರೆಸಿಕೊಳ್ಳುತ್ತ ಕಠಿಣವಾದ ಪ್ರಶ್ನೆಗಳಿಗೆ ಉತ್ತರ ಹೇಳುವ ವಿದ್ಯಾವಂತರು ರಾಷ್ಟ್ರವೀರರಾದರು. 'ಟ್ವೆಂಟಿ ಒನ್' ಎಂಬ ಪಂದ್ಯದಲ್ಲಿ ಹೀಗೆ ಮೆರೆದವರು ಕೊಲಂಬಿಯ ವಿಶ್ವವಿದ್ಯಾನಿಲಯದ ಇಂಗ್ಲಿಷ್ ಅಧ್ಯಾಪಕರಾಗಿದ್ದ ಚಾರ್ಲ್ಸ್ ವ್ಯಾನ್ ಡೋರನ್. ಪಂಡಿತ ಮನೆತನ, ಸುಂದರ ರೂಪ, ಸಂಕೋಚದ ನಗೆ. ತಾಯಂದಿರು ಮಕ್ಕಳಿಗೆ ತೋರಿಸಿ ಹೇಳುವಂಥ ವ್ಯಕ್ತಿ. 1959ರ ನವೆಂಬರಿನಲ್ಲಿ ಅವರು ಸಂಸತ್ತಿನ ಸಮಿತಿಯೊಂದರ ಮುಂದೆ ನಿಂತು, ಉತ್ತರಗಳನ್ನು ತಮಗೆ ಮೊದಲೇ ಕೊಡಲಾಗಿತ್ತೆಂದು ಒಪ್ಪಿಕೊಂಡರು. ಬೆವರೂ ನಟನೆ, ಹುಬ್ಬಿನ ಗಂಟೂ ನಟನೆ! ದೇಶಕ್ಕೆ ದೇಶವೇ ಮೋಸಹೋದಂತಾಯಿತು. ಮರುವರ್ಷ ಇಂಥ ವಂಚನೆಯನ್ನು ಅಪರಾಧವೆಂದು ಸಾರುವ ಶಾಸನವೂ ಬಂದಿತು. ರಸಪ್ರಶ್ನೆಯ ಹೆಸರೆತ್ತಿದರೆ ಜನ ಮೂಗು ಮುರಿಯುವ ಕಾಲ ಅದು.

ಆ ದಿನಗಳಲ್ಲಿ ಮರ್ವ್ ಗ್ರಿಫಿನ್ ಎಂಬ ನಿರ್ಮಾಪಕರು ತಮ್ಮ ಪತ್ನಿ ಜೂಲಾನ್ ಅವರೊಡನೆ ವಿಮಾನದಲ್ಲಿ ಪ್ರಯಾಣ ಮಾಡುತ್ತಿದ್ದರು. ಹೊಸದೊಂದು ಪಂದ್ಯವನ್ನು ಹೇಗೆ ಹೂಡುವುದೆಂಬುದೇ ಅವರ ಚಿಂತೆ. ಆಕೆ ನಗುತ್ತ, ಉತ್ತರ ಹೇಳಿಕೊಟ್ಟದ್ದೇ ಅಪರಾಧವಾಗಿದ್ದರೆ ಉತ್ತರವನ್ನು ಎಲ್ಲರೆದುರಿಗೇ ಕೊಟ್ಟುಬಿಟ್ಟು ಪ್ರಶ್ನೆಯನ್ನು ಕೇಳಬಾರದೇಕೆ ಎಂದರು. ಉದಾಹರಣೆಗೆ '5,280' ಎಂದು ಆಕೆ ಹೇಳಿದರೆ, ಒಂದು ಮೈಲಿಗೆ ಎಷ್ಟು ಅಡಿ ಎಂದು ಈತ ಕೇಳಬೇಕು. ವಿನೋದದ ಆ ಮಾತೇ ಬೀಜವಾಯಿತು. 1964ರ ಮಾರ್ಚ್ 30ರಂದು ಪಂದ್ಯ ಪ್ರಸಾರವಾಗತೊಡಗಿತು. ಹೀಗೆ, ಲೋಕ ಇಷ್ಟು ಗಂಭೀರವೆಂದು ಭಾವಿಸುವ ಈ ಪಂದ್ಯ ಮೂಲತಃ ಒಂದು ಹಗರಣದ ಮೇಲೆ ಗೃಹಿಣಿಯೊಬ್ಬರು ಮಾಡಿದ ಪರಿಹಾಸ. ಇದರ ಜಾತಕದಲ್ಲಿಯೇ ಅಣಕ ಬರೆದಿತ್ತೆಂದರೂ ತಪ್ಪಾಗದು.

ಪಂದ್ಯದ ವಿಧಾನವನ್ನು ಇಲ್ಲಿ ಸ್ವಲ್ಪ ವಿವರಿಸಬೇಕು; ವಿಧಾನ ತಿಳಿಯದೆ ಅಣಕದ ರುಚಿ ತಿಳಿಯುವುದಿಲ್ಲ. 2012ರಲ್ಲಿ ಪುನೀತ್ ರಾಜ್‌ಕುಮಾರ್ ಅವರ ನಿರ್ವಹಣೆಯಲ್ಲಿ ಆರಂಭವಾದ 'ಕನ್ನಡದ ಕೋಟ್ಯಧಿಪತಿ'ಯನ್ನು ನೋಡಿದವರಿಗೆ, ಪ್ರಶ್ನೆಯ ಕೆಳಗೆ ನಾಲ್ಕು ಉತ್ತರಗಳನ್ನಿಟ್ಟು ಒಂದನ್ನು ಆರಿಸಿಕೊಳ್ಳಲು ಹೇಳುವ ಕ್ರಮ ಪರಿಚಿತವಾಗಿದೆ. 'ಜೆಪರ್ಡಿ'ಯಲ್ಲಿ ಅಂಥ ಉಪಕಾರವೇನೂ ಇಲ್ಲ. ಸ್ಪರ್ಧಿಗಳು ಮೂವರು. ಫಲಕದ ಮೇಲೆ ಆರು ವಿಷಯಗಳು. ಒಂದೊಂದರ ಕೆಳಗೆ ಐದೈದು ಸೂಚನೆಗಳು. ಸೂಚನೆ ಉತ್ತರದ ರೂಪದಲ್ಲಿರುತ್ತದೆ. ಸ್ಪರ್ಧಿ ಗುಂಡಿಯೊತ್ತಿ, 'ಅದು ಏನು', 'ಅವರು ಯಾರು' ಎಂದು ಪ್ರಶ್ನೆಯ ರೂಪದಲ್ಲಿಯೇ ಮಾತನಾಡಬೇಕು. ಸರಿಯಾದರೆ ಹಣ ಕೂಡುತ್ತದೆ, ತಪ್ಪಾದರೆ ಅಷ್ಟೇ ಹಣ ಕಳೆಯುತ್ತದೆ. ಪಂದ್ಯದ ಹೆಸರಿನಲ್ಲಿರುವ ಗಂಡಾಂತರ ಅದೇ. ಇಂಥ ಎರಡು ಸುತ್ತುಗಳಾದ ಮೇಲೆ ಕಡೆಯ ಸುತ್ತಿನಲ್ಲಿ ಒಂದೇ ಒಂದು ಸೂಚನೆ. ಗಳಿಸಿದ್ದರಲ್ಲಿ ಎಷ್ಟು ಬೇಕಾದರೂ ಪಣವೊಡ್ಡಬಹುದು. ಯೋಚಿಸಲು 30 ಸೆಕೆಂಡು. ಆಗ ಕೇಳಿಬರುವ ರಾಗ ಗ್ರಿಫಿನ್ ಅವರು ತಮ್ಮ ಮಗನಿಗೆ ಜೋಗುಳವಾಗಿ ಕಟ್ಟಿದ್ದ ರಾಗ.

ಕೊನೆಯದನ್ನು ಮೊದಲು ಕೊಟ್ಟು ಮೊದಲಿನದನ್ನು ಹುಡುಕಿಸುವ ಈ ಕ್ರಮ ನಮ್ಮ ಅವಧಾನಿಗಳಿಗೆ ಹೊಸದೆನಿಸದು. ಪದ್ಯದ ಕಡೆಯ ಸಾಲನ್ನು ಕೊಟ್ಟು ಉಳಿದ ಸಾಲುಗಳನ್ನು ತುಂಬಿರೆಂದು ಕೇಳುವ ಸಮಸ್ಯಾಪೂರಣವೂ ಇದೇ ಜಾತಿಯದು. ವಿಧಿ ಎಷ್ಟು ಬಿಗಿಯೋ ಆಟ ಅಷ್ಟು ರಸವತ್ತು. ಅಣಕಿಸುವವನಿಗೂ ಅಷ್ಟೇ ಅನುಕೂಲ.

ಮೊದಲು ಕೈಹಾಕಿದವರಲ್ಲಿ ಪ್ರಸಿದ್ಧರು ಹಾಡಿನವರು. ಮೂಲ ಪಂದ್ಯ 1975ರಲ್ಲಿ ನಿಂತುಹೋಗಿ, 1978ರಲ್ಲಿ ಒಮ್ಮೆ ತಲೆಯೆತ್ತಿ ಮರುವರ್ಷವೇ ಮತ್ತೆ ಮಲಗಿತ್ತು. 1983ರಲ್ಲಿ ಗ್ರೆಗ್ ಕಿನ್ ಅವರ ತಂಡ 'ಜೆಪರ್ಡಿ' ಎಂಬ ಪ್ರೇಮಗೀತೆಯೊಂದನ್ನು ಹಾಡಿ ಜನಪ್ರಿಯವಾಯಿತು. ಅದಕ್ಕೂ ಪಂದ್ಯಕ್ಕೂ ಹೆಸರಿನ ಹೊರತು ಬೇರೆ ನಂಟಿಲ್ಲ. ಅಣಕವಾಡುಗಳಿಗೆ ಹೆಸರಾದ 'ವಿಯರ್ಡ್ ಆಲ್' ಯಾಂಕೊವಿಕ್ ಅವರು 1984ರಲ್ಲಿ ಆ ಧಾಟಿಗೆ, ಪಂದ್ಯಕ್ಕೆ ಹೋಗಿ ಸೋತುಬಂದವನ ಗೋಳನ್ನು ಹೊಂದಿಸಿದರು. ಒಂದೇ ಕಲ್ಲಿಗೆ ಎರಡು ಹಕ್ಕಿ: ಹಾಡಿನ ಅಣಕವೂ ಆಯಿತು, ಆಟದ ಅಣಕವೂ ಆಯಿತು. ಸೋತವನು ಹಣ ಕಳೆದುಕೊಂಡದ್ದಕ್ಕಿಂತಲೂ ಬಂಧುಬಾಂಧವರೆಲ್ಲ ನೋಡುತ್ತಿರುವಾಗ ಮರ್ಯಾದೆ ಕಳೆದುಕೊಂಡದ್ದಕ್ಕೆ ಹೆಚ್ಚು ಮರುಗುತ್ತಾನೆ. ಪರೀಕ್ಷೆಯ ಫಲಿತಾಂಶ ನೋಡಲು ಹೋಗಿ, ಪಟ್ಟಿಯಲ್ಲಿ ತನ್ನ ಸಂಖ್ಯೆ ಕಾಣದೆ ಹಿಂದಿರುಗಿದ ಯಾವ ವಿದ್ಯಾರ್ಥಿಗೂ ಈ ಮರುಕದ ಅರ್ಥ ಹೇಳಿಕೊಡಬೇಕಾಗಿಲ್ಲ.

ಆ ಹಾಡಿನ ಚಿತ್ರದಲ್ಲಿ ಮೂಲ ಪಂದ್ಯದ ನಿರ್ವಾಹಕರಾಗಿದ್ದ ಆರ್ಟ್ ಫ್ಲೆಮಿಂಗ್ ಅವರೂ ಉದ್ಘೋಷಕರಾಗಿದ್ದ ಡಾನ್ ಪಾರ್ಡೊ ಅವರೂ ಸ್ವತಃ ಪಾತ್ರವಹಿಸಿದರು. ನಿಂತುಹೋದ ತಮ್ಮ ಪಂದ್ಯವನ್ನು ಅವರು ಅಣಕದ ಮನೆಯಲ್ಲಿ ಇನ್ನೊಮ್ಮೆ ನಡೆಸಿದಂತಾಯಿತು. ಪ್ರೇಮಗೀತೆಯ ಗ್ರೆಗ್ ಕಿನ್ ಅವರೂ ಸಿಟ್ಟಾಗದೆ, ಸೋತವನನ್ನು ಹೊತ್ತೊಯ್ಯುವ ಕಾರಿನ ಚಾಲಕರಾಗಿ ಬಂದರು. ಅದೇ 1984ರ ಸೆಪ್ಟೆಂಬರ್ 10ರಂದು ಪಂದ್ಯ ಹೊಸ ನಿರ್ವಾಹಕರೊಡನೆ ಮರುಜೀವ ಪಡೆಯಿತು. ತಿಥಿಯೂಟಕ್ಕೆ ಎಲೆ ಹಾಕಿದ ಮನೆಯಲ್ಲಿ ತೊಟ್ಟಿಲು ಕಟ್ಟಿದಂತೆ!

ಹೊಸ ನಿರ್ವಾಹಕರೇ ಅಲೆಕ್ಸ್ ಟ್ರೆಬೆಕ್. ಕೆನಡಾ ದೇಶದ ಸಡ್‌ಬರಿಯಲ್ಲಿ 1940ರಲ್ಲಿ ಹುಟ್ಟಿ, ತತ್ತ್ವಶಾಸ್ತ್ರದಲ್ಲಿ ಪದವಿ ಪಡೆದವರು. ಹದವಾದ ಮೀಸೆ, ಅಚ್ಚುಕಟ್ಟಾದ ಕೋಟು, ಪರಭಾಷೆಯ ಹೆಸರುಗಳನ್ನು ಆಯಾ ಭಾಷೆಯವರು ಹೇಳುವಂತೆಯೇ ಹೇಳುವ ನಾಲಗೆ. ತಪ್ಪು ಹೇಳಿದವನಿಗೆ ತಪ್ಪೆಂದು ಹೇಳುವಾಗಲೂ ಗದರಿಕೆಯಿಲ್ಲ. ಆದರೆ ರಿಯಾಯಿತಿಯೂ ಇಲ್ಲ. ಮುಂದಿನ 36 ವರ್ಷಗಳಲ್ಲಿ 8,200ಕ್ಕೂ ಹೆಚ್ಚು ಪ್ರಸಾರಗಳನ್ನು ಅವರು ನಡೆಸಿಕೊಟ್ಟರು. ಅಣಕಕಾರರು ಬಹುಕಾಲದಿಂದ ಹುಡುಕುತ್ತಿದ್ದ ಶಿಸ್ತಿನ ಮೇಷ್ಟರು ಕಡೆಗೂ ಸಿಕ್ಕಿದ್ದರು.

1990ರ ಜನವರಿಯಲ್ಲಿ 'ಚಿಯರ್ಸ್' ಎಂಬ ಹಾಸ್ಯಮಾಲಿಕೆ ಈ ಪಂದ್ಯವನ್ನು ತನ್ನ ಕಥೆಗೆ ಎಳೆದುಕೊಂಡಿತು. ಬಾಸ್ಟನ್ ನಗರದ ಪಾನಗೃಹವೊಂದರಲ್ಲಿ ಸೇರುವ ಗೆಳೆಯರ ಗುಂಪಿನಲ್ಲಿ ಕ್ಲಿಫ್ ಕ್ಲೇವಿನ್ ಒಬ್ಬ ಅಂಚೆಯವನು. ಲೋಕದಲ್ಲಿ ಅವನಿಗೆ ತಿಳಿಯದ ವಿಷಯವಿಲ್ಲ. ತಿಳಿದದ್ದನ್ನು ಹೇಳದೆ ಬಿಟ್ಟ ದಿನವೂ ಇಲ್ಲ. ಇಂಥವರು ನಮ್ಮ ಪ್ರತಿಯೊಂದು ಬಡಾವಣೆಯ ಕಟ್ಟೆಯ ಮೇಲೂ ಒಬ್ಬೊಬ್ಬರಿರುತ್ತಾರೆ. ಅವನು ಪಂದ್ಯಕ್ಕೆ ಹೋದಾಗ ಫಲಕದಲ್ಲಿ ಕಂಡ ವಿಷಯಗಳು ಸರ್ಕಾರಿ ನೌಕರರು, ದೇಶವಿದೇಶಗಳ ಅಂಚೆಚೀಟಿಗಳು, ತಾಯಂದಿರು ಮತ್ತು ಗಂಡುಮಕ್ಕಳು, ಬಿಯರ್, ಪಾನಗೃಹದ ಹರಟೆ, ಬ್ರಹ್ಮಚರ್ಯ. ತಾಯಿಯೊಡನೆ ವಾಸಿಸುವ ಆ ಅವಿವಾಹಿತ ಅಂಚೆಯವನಿಗೆ ವಿಧಿಯೇ ಪ್ರಶ್ನಪತ್ರಿಕೆ ಬರೆದುಕೊಟ್ಟಂತಿತ್ತು. ನೋಡನೋಡುತ್ತ 22,000 ಡಾಲರ್ ಕೂಡಿತು. ಕಡೆಯ ಸುತ್ತಿನಲ್ಲಿ ಏನನ್ನೂ ಪಣವೊಡ್ಡದೆ ಸುಮ್ಮನಿದ್ದಿದ್ದರೂ ಗೆಲುವು ಅವನದೇ.

ಸುಮ್ಮನಿರುವುದು ಒಂದೇ ಅವನಿಗೆ ಬಾರದ ವಿದ್ಯೆ. ಇದ್ದದ್ದನ್ನೆಲ್ಲ ಪಣವೊಡ್ಡಿದನು. ಬಂದ ಸೂಚನೆ ಮೂರು ಹೆಸರುಗಳು; ಮೂವರು ಪ್ರಸಿದ್ಧ ಚಿತ್ರನಟರಿಗೆ ಹೆತ್ತವರಿಟ್ಟ ಹೆಸರುಗಳು ಅವು. ಅವನಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲವೆಂದು ಒಪ್ಪಿಕೊಳ್ಳುವ ಅಭ್ಯಾಸವೂ ಇರಲಿಲ್ಲ. ತನ್ನ ಅಡಿಗೆಮನೆಗೆ ಎಂದೂ ಕಾಲಿಡದ ಮೂವರು ಯಾರು ಎಂದು ಪ್ರಶ್ನೆ ಬರೆದನು. ತರ್ಕಶಾಸ್ತ್ರದ ದೃಷ್ಟಿಯಿಂದ ಅದರಲ್ಲಿ ತಪ್ಪು ಹುಡುಕುವುದು ಕಷ್ಟ. ಆ ಮೂವರು ಅವನ ಅಡಿಗೆಮನೆಗೆ ಕಾಲಿಟ್ಟಿರಲಿಲ್ಲವೆಂಬುದು ನಿಜವೇ. ಆದರೂ ಹಣ ಹೋಯಿತು. ಈ ಕಥೆಯಲ್ಲಿ ಟ್ರೆಬೆಕ್ ಅವರೇ ಟ್ರೆಬೆಕ್ ಪಾತ್ರವನ್ನು ವಹಿಸಿದ್ದರು. ಅಚ್ಚರಿಯೆಂದರೆ, ಎದುರಾಳಿ ಹಿಡಿಯಲಾಗದಷ್ಟು ಮುಂದಿರುವವನು ಕಡೆಯ ಸುತ್ತಿನಲ್ಲಿ ದುರಾಸೆಯ ಪಣವೊಡ್ಡಬಾರದೆಂಬ ಎಚ್ಚರಿಕೆಗೆ ನಿಜವಾದ ಪಂದ್ಯದ ಅಭಿಮಾನಿಗಳು 'ಕ್ಲೇವಿನ್ ನಿಯಮ'ವೆಂದೇ ಹೆಸರಿಟ್ಟುಕೊಂಡರು. ಅಣಕದಲ್ಲಿ ಹುಟ್ಟಿದ ಮೂರ್ಖನೊಬ್ಬ ನಿಜವಾದ ಜಾಣರಿಗೆ ಗುರುವಾದನು.

ಎಲ್ಲವೂ ಗೊತ್ತಿರುವವನಿಗೆ ವಿವೇಕವಿರಬೇಕೆಂದು ಅಂಚೆಯವನ ಕಥೆ ಹೇಳಿತು. ವಿವೇಕವೂ ಇದ್ದು ವಿದ್ಯೆಯೂ ಇದ್ದರೆ ಸಾಕೆ? ಸಾಲದು ಎಂದಿತು 1992ರ ಫೆಬ್ರವರಿಯಲ್ಲಿ 'ದ ಗೋಲ್ಡನ್ ಗರ್ಲ್ಸ್' ಎಂಬ ಇನ್ನೊಂದು ಮಾಲಿಕೆ. ಅದರಲ್ಲಿ ಡೊರೊಥಿ ಎಂಬಾಕೆ ವಯಸ್ಸಾದ ಉಪಾಧ್ಯಾಯಿನಿ. ಪಂದ್ಯಕ್ಕೆ ಸ್ಪರ್ಧಿಗಳನ್ನು ಆರಿಸುವ ಪರೀಕ್ಷೆಗೆ ಹಗಲಿರುಳು ಓದಿ ಹೋಗುತ್ತಾಳೆ. ಕನಸಿನಲ್ಲಿಯೂ ಟ್ರೆಬೆಕ್ ಬಂದು ಸೂಚನೆ ಓದುತ್ತಾರೆ. ಪರೀಕ್ಷೆಯಲ್ಲಿ ಅವಳನ್ನು ಮೀರಿಸುವವರಿಲ್ಲ. ಆದರೂ ಆಯ್ಕೆಯಾಗುವುದಿಲ್ಲ. ಅವಳು ಗೆಲ್ಲಲಿ ಎಂದು ನೋಡುವ ಜನ ಹಾರೈಸುವುದಿಲ್ಲವೆಂಬುದೇ ಕಾರಣ. ತಿಳಿವಳಿಕೆಯ ಜೊತೆಗೆ ಜನರಿಗೆ ಹಿಡಿಸುವ ಗುಣವೂ ಇರಬೇಕಂತೆ! ಜೀವಮಾನವೆಲ್ಲ ಬೇರೆಯವರ ಮಕ್ಕಳಿಗೆ ಪಾಠ ಹೇಳಿದ ಹೆಂಗಸೊಬ್ಬಳು ಈ ಮಾತನ್ನು ಕೇಳಿ ನಿಂತಾಗ, ನಗುತ್ತಿದ್ದ ಪ್ರೇಕ್ಷಕನ ನಗೆ ಅರ್ಧಕ್ಕೆ ನಿಲ್ಲುತ್ತದೆ.

1997ರ ಡಿಸೆಂಬರಿನಲ್ಲಿ 'ದ ಸಿಂಪ್ಸನ್ಸ್' ಎಂಬ ವ್ಯಂಗ್ಯಚಿತ್ರ ಮಾಲಿಕೆ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಮನೆಯ ಸಾಲ ತೀರಿಸಲು ಗೃಹಿಣಿ ಮಾರ್ಜ್ ಪಂದ್ಯಕ್ಕೆ ಹೋಗಿ, ಗಳಿಸುವುದಿರಲಿ, ಸೊನ್ನೆಗಿಂತ 5,200 ಡಾಲರ್ ಕೆಳಗಿಳಿಯುತ್ತಾಳೆ. ನಿಜವಾದ ಪಂದ್ಯದಲ್ಲಿ ಹಾಗಾದವರು ಕಡೆಯ ಸುತ್ತಿಗೆ ನಿಲ್ಲದೆ ಹೊರಟುಹೋಗುತ್ತಾರೆ. ಯಾರೂ ಹಣ ಕೇಳುವುದಿಲ್ಲ. ಚಿತ್ರದಲ್ಲಾದರೋ ಟ್ರೆಬೆಕ್ ಬಾಕಿ ವಸೂಲಿಗೆ ನಿಲ್ಲುತ್ತಾರೆ. ಅದಕ್ಕೂ ಧ್ವನಿ ಕೊಟ್ಟವರು ನಿಜವಾದ ಟ್ರೆಬೆಕ್ ಅವರೇ.

ಆದರೆ ಅಣಕಗಳ ಸಾಲಿನಲ್ಲಿ ಕಳಶಪ್ರಾಯವಾದದ್ದು 'ಸ್ಯಾಟರ್‌ಡೇ ನೈಟ್ ಲೈವ್' ಎಂಬ ಶನಿವಾರ ರಾತ್ರಿಯ ಹಾಸ್ಯ ಕಾರ್ಯಕ್ರಮದ್ದು. ಮೂಲ ಪಂದ್ಯದ ಉದ್ಘೋಷಕರಾಗಿದ್ದ ಡಾನ್ ಪಾರ್ಡೊ ಅವರೇ 1975ರಿಂದ ಈ ಕಾರ್ಯಕ್ರಮದ ಧ್ವನಿಯಾಗಿದ್ದುದು ಕಾಲದ ಕುಚೋದ್ಯವೆನ್ನಬೇಕು. ನಿಜವಾದ 'ಜೆಪರ್ಡಿ'ಯಲ್ಲಿ ಆಗಾಗ ಪ್ರಸಿದ್ಧ ವ್ಯಕ್ತಿಗಳನ್ನು ಕರೆಸಿ, ಧರ್ಮಕಾರ್ಯಕ್ಕಾಗಿ ಆಡಿಸುವ ವಾಡಿಕೆಯುಂಟು. 1996ರ ಡಿಸೆಂಬರ್ 7ರಂದು ಈ ಹಾಸ್ಯಗಾರರು ಅದನ್ನೇ ಅಣಕಿಸಿದರು. ಟ್ರೆಬೆಕ್ ವೇಷ ವಿಲ್ ಫೆರೆಲ್ ಅವರದು. ನಟ ಬರ್ಟ್ ರೆನಾಲ್ಡ್ಸ್ ವೇಷ ನಾರ್ಮ್ ಮ್ಯಾಕ್‌ಡೊನಾಲ್ಡ್ ಅವರದು. ಜೇಮ್ಸ್ ಬಾಂಡ್ ಖ್ಯಾತಿಯ ಶಾನ್ ಕಾನರಿ ವೇಷ ಡ್ಯಾರೆಲ್ ಹ್ಯಾಮಂಡ್ ಅವರದು. ಕೆನಡಾದ ಹಾಸ್ಯತಂಡವೊಂದು ಯೂಜಿನ್ ಲೆವಿ ಅವರನ್ನು 'ಅಲೆಕ್ಸ್ ಟ್ರೆಬೆಲ್' ಮಾಡಿ 'ಹಾಫ್ ವಿಟ್ಸ್' ಎಂಬ ಪ್ರಹಸನವನ್ನು ಮೊದಲೇ ಆಡಿತ್ತು. ಅದರ ಋಣವನ್ನು ಮ್ಯಾಕ್‌ಡೊನಾಲ್ಡ್ ಮುಚ್ಚಿಡಲಿಲ್ಲ.

ಪ್ರಹಸನದ ಬಂಧ ಸರಳ. ಮೂವರು ಪ್ರಸಿದ್ಧರಿಗೂ ಏನೂ ಗೊತ್ತಿಲ್ಲ; ಗೊತ್ತಿಲ್ಲವೆಂಬ ನಾಚಿಕೆಯೂ ಇಲ್ಲ. 'ಎಸ್' ಅಕ್ಷರದ ಪದಗಳೆಂಬ ವಿಷಯದ ಇಂಗ್ಲಿಷ್ ಹೆಸರನ್ನು ಕಾನರಿ ಒಂದಾಗಿ ಕೂಡಿಸಿ, ಖಡ್ಗಗಳೆಂದು ಓದಿಕೊಳ್ಳುತ್ತಾನೆ. ರೆನಾಲ್ಡ್ಸ್ ತನ್ನ ಹೆಸರನ್ನೇ ಬದಲಾಯಿಸಿ 'ಫರ್ಗುಸನ್' ಎಂದು ಕರೆಯಬೇಕೆನ್ನುತ್ತಾನೆ. ಆ ಹೆಸರಿನ ಮೊದಲ ಭಾಗ ಕುಟುಂಬದ ಪತ್ರಿಕೆಯಲ್ಲಿ ಅಚ್ಚುಮಾಡುವಂಥದಲ್ಲ. ಪಾಪದ ನಿರ್ವಾಹಕ ಮೊದಲು ಪಾಠದ ಪ್ರಶ್ನೆ ಕೇಳುತ್ತಾನೆ, ಆಮೇಲೆ ಮಕ್ಕಳ ಪ್ರಶ್ನೆ ಕೇಳುತ್ತಾನೆ, ಕಡೆಯ ಸುತ್ತಿಗೆ ಬರುವಾಗ ಏನಾದರೂ ಬರೆಯಿರಿ ಸಾಕೆಂದು ಅಂಗಲಾಚುತ್ತಾನೆ. ಅದನ್ನೂ ಅವರು ತಪ್ಪು ಮಾಡುತ್ತಾರೆ!

ಅಷ್ಟಾವಧಾನವನ್ನು ಕಂಡವರಿಗೆ ಈ ಹಾಸ್ಯದ ಗುಟ್ಟು ಬೇಗ ಹೊಳೆಯುತ್ತದೆ. ಅಲ್ಲಿ ಅವಧಾನಿಯನ್ನು ಸುತ್ತುವರಿದ ಪೃಚ್ಛಕರಲ್ಲಿ ಅಪ್ರಸ್ತುತ ಪ್ರಸಂಗಿ ಎಂಬವನೊಬ್ಬನಿರುತ್ತಾನೆ. ಸಂಬಂಧವಿಲ್ಲದ ಮಾತೆತ್ತಿ ಅವಧಾನಿಯ ಏಕಾಗ್ರತೆಯನ್ನು ಕೆಡಿಸುವುದೇ ಅವನಿಗೆ ಸಭೆ ವಹಿಸಿಕೊಟ್ಟ ಕೆಲಸ. ಅವನ ಮಾತಿಗೆ ನಗುತ್ತ ಉತ್ತರ ಕೊಟ್ಟು, ಬಿಟ್ಟ ಪದ್ಯವನ್ನು ಬಿಟ್ಟಲ್ಲಿಂದಲೇ ಹಿಡಿಯುವುದರಲ್ಲಿ ಅವಧಾನಿಯ ಹೆಚ್ಚುಗಾರಿಕೆಯಿದೆ. ಫೆರೆಲ್ ಅವರ ಟ್ರೆಬೆಕ್‌ಗೆ ಒದಗಿದ ವಿಪತ್ತೆಂದರೆ ಅವನ ಸಭೆಯಲ್ಲಿ ಪೃಚ್ಛಕರೇ ಇಲ್ಲ. ಮೂವರೂ ಅಪ್ರಸ್ತುತ ಪ್ರಸಂಗಿಗಳು. ಆದರೂ ಅವನು ಎದ್ದು ಹೋಗುವುದಿಲ್ಲ. ಮುಂದಿನ ಸೂಚನೆಯನ್ನು ಓದುತ್ತಾನೆ. ಪ್ರಸಿದ್ಧಿಯನ್ನೇ ಪಾಂಡಿತ್ಯವೆಂದು ತಿಳಿದ ಲೋಕದಲ್ಲಿ ಪಾಠ ಮುಗಿಸಲೇಬೇಕೆಂದು ಹಟ ಹಿಡಿದ ಮೇಷ್ಟರ ಚಿತ್ರ ಅದು. ಅವನನ್ನು ನೋಡಿ ನಗುವವರ ಸಹಾನುಭೂತಿಯೆಲ್ಲ ಅವನ ಕಡೆಗೇ ಹೋಗುತ್ತದೆ.

ನಿಜವಾದ ಟ್ರೆಬೆಕ್ ಇದನ್ನು ಹೇಗೆ ಕಂಡರು? 2002ರ ಮೇ 18ರಂದು, ಫೆರೆಲ್ ಅವರು ಆ ತಂಡವನ್ನು ಬಿಡುವ ರಾತ್ರಿ, ಪ್ರಹಸನದ ಕೊನೆಯಲ್ಲಿ ಟ್ರೆಬೆಕ್ ಅವರೇ ರಂಗದ ಮೇಲೆ ಬಂದು ನಿಂತರು. ಮೂಲವೂ ಪ್ರತಿಯೂ ಎದುರುಬದುರಾದವು. ಅಣಕಿಸಿದ ಹುಡುಗನನ್ನು ಬೀಳ್ಕೊಡಲು ಮೇಷ್ಟರೇ ನಿಲ್ದಾಣಕ್ಕೆ ಬಂದಂತಿತ್ತು.

ಇಲ್ಲಿಯವರೆಗಿನ ಅಣಕಗಳೆಲ್ಲ ಸ್ಪರ್ಧಿಯನ್ನು ನೋಡಿ ನಕ್ಕವು. ಫಲಕದ ಮೇಲೆ ಬರೆದದ್ದನ್ನು ಅವು ಪ್ರಶ್ನಿಸಲಿಲ್ಲ. ಷೇಕ್ಸ್‌ಪಿಯರ್ ಗೊತ್ತಿರುವವನು ತಿಳಿದವನು, ಗೊತ್ತಿಲ್ಲದವನು ಅಜ್ಞಾನಿ ಎಂಬ ಮೂಲ ಕರಾರು ಹಾಗೆಯೇ ಉಳಿಯಿತು. ಆ ಕರಾರಿಗೇ ಕೈಯಿಟ್ಟದ್ದು ಅದೇ ಶನಿವಾರದ ಕಾರ್ಯಕ್ರಮ 2014ರ ಮಾರ್ಚ್ ತಿಂಗಳಲ್ಲಿ ಆರಂಭಿಸಿದ 'ಬ್ಲ್ಯಾಕ್ ಜೆಪರ್ಡಿ'. ಇಲ್ಲಿ ನಿರ್ವಾಹಕನೂ ಕರಿಯರವನು, ಫಲಕದ ವಿಷಯಗಳೂ ಕರಿಯರ ಮನೆಮಾತಿನವು. ನಿರ್ವಾಹಕನ ವೇಷ ಕೀನನ್ ಥಾಂಪ್ಸನ್ ಅವರದು. ಬರೆದವರು ಬ್ರಯಾನ್ ಟಕ್ಕರ್ ಮತ್ತು ಮೈಕೆಲ್ ಚೇ. ಮೊದಲ ಪ್ರಹಸನದಲ್ಲಿ ಇಬ್ಬರು ಕರಿಯ ಸ್ಪರ್ಧಿಗಳ ನಡುವೆ ಒಬ್ಬ ಬಿಳಿಯ ಪ್ರಾಧ್ಯಾಪಕ. ಅವನು ಕಾಲೇಜಿನಲ್ಲಿ ಬೋಧಿಸುವುದು ಕರಿಯರ ಚರಿತ್ರೆಯನ್ನೇ! ಪುಸ್ತಕಗಳನ್ನೆಲ್ಲ ಓದಿದ್ದಾನೆ; ಆದರೂ ಒಂದು ಸೂಚನೆಗೂ ಸರಿಯಾದ ಪ್ರಶ್ನೆ ಹೊಳೆಯದು. ಅಕ್ಕಪಕ್ಕದವರು ಪುಸ್ತಕ ಓದದೆಯೇ ಗೆಲ್ಲುತ್ತಾರೆ. ಬೀದಿಯಲ್ಲಿ, ಅಡಿಗೆಮನೆಯಲ್ಲಿ, ಚರ್ಚಿನ ಅಂಗಳದಲ್ಲಿ ಕಲಿತದ್ದೂ ವಿದ್ಯೆಯೆ ಎಂಬ ಪ್ರಶ್ನೆಯನ್ನು ಈ ಪ್ರಹಸನ ನಗೆಯ ಸೆರಗಿನಲ್ಲಿ ಕಟ್ಟಿಕೊಟ್ಟಿತು.

2016ರ ಅಕ್ಟೋಬರ್ 22ರಂದು ಪ್ರಸಾರವಾದ ಪ್ರಹಸನ ಈ ಸಾಲಿನಲ್ಲಿ ಅತ್ಯುತ್ತಮವಾದದ್ದು. ಅಧ್ಯಕ್ಷರ ಚುನಾವಣೆಗೆ ಇನ್ನು ಹದಿನೇಳೇ ದಿನಗಳಿದ್ದವು. ದೇಶ ಎರಡು ಪಾಳೆಯವಾಗಿ ನಿಂತಿತ್ತು. ಪ್ರಸಿದ್ಧ ನಟ ಟಾಮ್ ಹ್ಯಾಂಕ್ಸ್ ಅವರು ಡೊನಾಲ್ಡ್ ಟ್ರಂಪರ ಬೆಂಬಲಿಗರು ತೊಡುವ ಕೆಂಪು ಟೋಪಿ ಇಟ್ಟುಕೊಂಡು, ಡಗ್ ಎಂಬ ಬಿಳಿಯ ಹಳ್ಳಿಗನಾಗಿ ಸ್ಪರ್ಧೆಗೆ ನಿಂತರು. ಅವನಿಂದ ಏನಾದೀತೆಂದು ಎಲ್ಲರೂ ಉದಾಸೀನದಿಂದ ನೋಡುತ್ತಿರುವಾಗ ಡಗ್ ಒಂದಾದ ಮೇಲೊಂದು ಸರಿಯಾಗಿ ಹೇಳತೊಡಗುತ್ತಾನೆ. ದೂರವಾಣಿಯ ಯಂತ್ರ ಹೆಬ್ಬೆರಳಿನ ಗುರುತು ಕೇಳಿದರೆ ಕೊಡಬಾರದು, ಅದರಲ್ಲೇನೋ ಮಸಲತ್ತಿದೆ ಎನ್ನುತ್ತಾನೆ; ಕರಿಯ ಸ್ಪರ್ಧಿಗಳು ಹೌದೆಂದು ತಲೆದೂಗುತ್ತಾರೆ. ದೊಡ್ಡವರ ಮೇಲಿನ ಅಪನಂಬಿಕೆ, ಲಾಟರಿಯ ಚೀಟಿಯ ಮೇಲಿನ ಆಸೆ, ಕಿಸೆಯ ಬಡತನ ಇವೆಲ್ಲ ಎರಡು ಕಡೆಗೂ ಒಂದೇ. ಕೈಕುಲುಕಲು ನಿರ್ವಾಹಕ ಹತ್ತಿರ ಬಂದಾಗ ಡಗ್ ಬೆದರಿ ಒಂದು ಹೆಜ್ಜೆ ಹಿಂದೆ ಸರಿಯುತ್ತಾನೆ. ಆಮೇಲೆ ಕೈ ಚಾಚುತ್ತಾನೆ. ನಗೆಯ ನಡುವೆ ಕ್ಷಣಕಾಲ ಸಭೆ ಮೆತ್ತಗಾಗುತ್ತದೆ.

ಅಷ್ಟರಲ್ಲಿ ಕಡೆಯ ಸುತ್ತಿನ ವಿಷಯ ಫಲಕದ ಮೇಲೆ ಮೂಡುತ್ತದೆ: ಬೆಲೆಯುಳ್ಳ ಜೀವಗಳು. ಪೊಲೀಸರ ಗುಂಡಿಗೆ ಕರಿಯರು ಬಲಿಯಾಗುವುದನ್ನು ಪ್ರತಿಭಟಿಸಿ ಎದ್ದ ಚಳವಳಿಯ ಘೋಷವಾಕ್ಯವನ್ನು ನೆನಪಿಸುವ ಮಾತು ಅದು. ಇದುವರೆಗೆ ಚೆನ್ನಾಗಿತ್ತು ಡಗ್ ಎಂಬರ್ಥದ ಮಾತನ್ನು ನಿರ್ವಾಹಕ ಹೇಳಿ ಮುಗಿಸುತ್ತಾನೆ. ಚಿಲ್ಲರೆ ವಿಷಯಗಳಲ್ಲೆಲ್ಲ ಒಂದಾದವರು ಆ ಒಂದು ವಿಷಯದಲ್ಲಿ ಮತ್ತೆ ಎರಡಾಗುತ್ತಾರೆ. ಎಲ್ಲರೂ ಒಂದೇ ಎಂದು ಸುಳ್ಳು ಸಮಾಧಾನ ಹೇಳುವುದು ಸುಲಭವಾಗಿತ್ತು, ಬರೆದವರು ಹೇಳಲಿಲ್ಲ. ದೊಡ್ಡ ದೊಡ್ಡ ಭಾಷಣಗಳು ತಲುಪದಿದ್ದ ಸತ್ಯವೊಂದನ್ನು ಕೆಲವೇ ನಿಮಿಷಗಳ ಅಣಕ ತಲುಪಿತ್ತು.

2018ರ ಏಪ್ರಿಲಿನಲ್ಲಿ ಇದೇ ಫಲಕದ ಮುಂದೆ ಚಾಡ್ವಿಕ್ ಬೋಸ್‌ಮನ್ ಅವರು, ಆ ವರ್ಷ ಜಗತ್ತನ್ನೇ ಗೆದ್ದಿದ್ದ ತಮ್ಮ ಚಲನಚಿತ್ರದ ರಾಜ ಟಿ'ಚಾಲಾ ಪಾತ್ರದಲ್ಲಿಯೇ ಬಂದರು. ಅವನು ಕಲ್ಪಿತ ಆಫ್ರಿಕನ್ ರಾಜ್ಯದ ದೊರೆ. ಬಣ್ಣ ಒಂದೇ, ಆದರೆ ದಾಸ್ಯ ಅರಿಯದವನು. ಸರ್ಕಾರವೆಂದರೆ ಅವನಿಗೆ ಪ್ರಜೆಗಳ ಹಿತ. ಪಕ್ಕದ ಸ್ಪರ್ಧಿಗಳಿಗೆ ಅದೇ ಭಯ. ಅವನ ಉದಾತ್ತವಾದ ಮಾತುಗಳೆಲ್ಲ ಇಲ್ಲಿ ತಪ್ಪು. ಕಡೆಗೆ, ಬಿಳಿಯ ಗೆಳತಿಯೊಬ್ಬಳು ಔತಣಕ್ಕೆ ಮಾಡಿತಂದ ಆಲೂಗಡ್ಡೆಯ ಸಾಲಡ್ ಕುರಿತ ಸೂಚನೆ ಬಂದಾಗ ದೊರೆ ಬಹಳ ಹೊತ್ತು ಧ್ಯಾನಿಸಿ, ಉಪ್ಪುಖಾರವಿಲ್ಲದ ಆ ತಿನಿಸನ್ನು ಮುಟ್ಟಬಾರದೆಂಬ ನಿಶ್ಚಯಕ್ಕೆ ಬರುತ್ತಾನೆ. ಸಭೆ ಕುಣಿದಾಡುತ್ತದೆ. ಬಣ್ಣ ಒಂದಾದ ಮಾತ್ರಕ್ಕೆ ಅನುಭವ ಒಂದಾಗದೆಂಬುದನ್ನು ಆಲೂಗಡ್ಡೆಯೇ ಹೇಳಿತು.

ಇಷ್ಟೆಲ್ಲ ಅಣಕವಾದ ಮೇಲೆ ನಿಜವಾದ ಪಂದ್ಯದ ಗತಿಯೇನಾಯಿತೆಂದು ಓದುಗರು ಕೇಳಬಹುದು. ಅದಕ್ಕೇನೂ ಆಗಲಿಲ್ಲ. ಮೂವರು ಸ್ಪರ್ಧಿಗಳು, ಆರು ವಿಷಯಗಳು, ಜೋಗುಳದ ರಾಗ ಎಲ್ಲವೂ ಇದ್ದಲ್ಲಿಯೇ ಇವೆ. ಅಣಕ ಮಾತ್ರ ಒಮ್ಮೊಮ್ಮೆ ಬಾಗಿಲು ತಳ್ಳಿಕೊಂಡು ಒಳಗೆ ಬರುತ್ತಿತ್ತು. 2015ರಲ್ಲಿ ನಿಜವಾದ ಸ್ಪರ್ಧಿಯೊಬ್ಬಳು ಕಡೆಯ ಸುತ್ತಿನಲ್ಲಿ ಉತ್ತರ ತೋಚದೆ, ರೆನಾಲ್ಡ್ಸ್ ವೇಷದವನು ಇಟ್ಟುಕೊಂಡಿದ್ದ ಆ ಅಚ್ಚುಮಾಡಲಾಗದ ಹೆಸರನ್ನೇ ಬರೆದಳು. ಟ್ರೆಬೆಕ್ ಅದನ್ನು ಎಲ್ಲ ಉತ್ತರಗಳನ್ನು ಓದುವ ಧ್ವನಿಯಲ್ಲಿಯೇ ಓದಬೇಕಾಯಿತು.

2019ರ ಮಾರ್ಚಿಯಲ್ಲಿ ಟ್ರೆಬೆಕ್ ಅವರು ತಮಗೆ ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ನಾಲ್ಕನೆಯ ಹಂತದಲ್ಲಿದೆಯೆಂದು ತಾವೇ ಪ್ರಕಟಿಸಿದರು. ಕೆಲಸ ಬಿಡಲಿಲ್ಲ. ಆ ವರ್ಷದ ನವೆಂಬರಿನಲ್ಲಿ, ಹಿಂದೆ ಗೆದ್ದವರಿಗಾಗಿ ನಡೆದ ವಿಶೇಷ ಸ್ಪರ್ಧೆಯಲ್ಲಿ ಒಬ್ಬ ಯುವಕ ಕಡೆಯ ಸುತ್ತಿಗೆ ಬಂದಾಗ ಅವನ ಬಳಿ ಇದ್ದದ್ದು 2,000 ಡಾಲರ್. ಅದರಲ್ಲಿ 1,995ನ್ನು ಪಣವೊಡ್ಡಿದನು. ಸೂಚನೆಗೆ ಸರಿಯಾದ ಪ್ರಶ್ನೆ ಅವನಿಗೆ ಹೊಳೆಯಲಿಲ್ಲ. ಹಲಗೆ ಖಾಲಿ ಬಿಡಲೂ ಇಲ್ಲ. ಪಂದ್ಯದ ವಿಧಿಗೆ ತಕ್ಕಂತೆ ಪ್ರಶ್ನೆಯ ಪದವನ್ನು ಮೊದಲಿಟ್ಟು, ಅದರ ಮುಂದೆ, ಅಲೆಕ್ಸ್, ನಿಮ್ಮ ಮೇಲೆ ನಮಗೆಲ್ಲರಿಗೂ ಪ್ರೀತಿಯಿದೆ ಎಂಬರ್ಥದ ಮಾತನ್ನು ಬರೆದನು.

ಅಂಚೆಯವನು ಅಡಿಗೆಮನೆಯ ಮಾತು ಬರೆದ ಜಾಗವೂ ಅದೇ, ಶನಿವಾರದ ವೇಷಗಾರರು ಹೊಲಸು ಮಾತು ಬರೆದ ಜಾಗವೂ ಅದೇ. ಟ್ರೆಬೆಕ್ ಅದನ್ನು ಗಟ್ಟಿಯಾಗಿ ಓದಿದರು. ನಡುವೆ ಅವರ ಗಂಟಲು ಕಟ್ಟಿತು. ವಂದನೆ ಹೇಳಿದರು. ಆಮೇಲೆ ವಿಧಿಯಂತೆ ಲೆಕ್ಕ ಮಾಡಿದರು. ಉತ್ತರ ತಪ್ಪು; 1,995 ಕಳೆಯಿತು; ಉಳಿದದ್ದು ಐದು ಡಾಲರ್.

ಟ್ರೆಬೆಕ್ 2020ರ ನವೆಂಬರ್ 8ರಂದು ತೀರಿಕೊಂಡರು. ಅವರ ಅಣಕದ ವೈರಿಯ ಮೂಲಪುರುಷ ಶಾನ್ ಕಾನರಿ ಅವರು ಎಂಟು ದಿನ ಮೊದಲು ಹೋಗಿದ್ದರು. ಅವರು ಮೊದಲೇ ನಡೆಸಿಕೊಟ್ಟಿದ್ದ ಪಂದ್ಯಗಳು 2021ರ ಜನವರಿ 8ರವರೆಗೆ ಪ್ರಸಾರವಾದವು. ಅಷ್ಟು ದಿನವೂ ಅವರು ಅಚ್ಚುಕಟ್ಟಾದ ಕೋಟು ತೊಟ್ಟು ಬಂದು, ಸರಿಯನ್ನು ಸರಿಯೆಂದೂ ತಪ್ಪನ್ನು ತಪ್ಪೆಂದೂ ಹೇಳಿದರು.